ವಾದ್ಯದ ಮೇಲೆ ಗುರುವಿನ ಅಂಕಿತ

ಶರಣರ ನಾಡಿನಲ್ಲಿ ಹಸ್ತಾಕ್ಷರಕ್ಕೆ ಒಂದು ವಿಶೇಷವಾದ ಅರ್ಥವಿದೆ. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ನುಡಿಯ ಕೊನೆಯಲ್ಲಿ ತಮ್ಮ ಹೆಸರನ್ನು ಬರೆಯಲಿಲ್ಲ. ಬಸವಣ್ಣನವರು ಕೂಡಲಸಂಗಮದೇವನ ಹೆಸರನ್ನಿಟ್ಟರು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನ ಹೆಸರನ್ನಿಟ್ಟಳು, ಅಲ್ಲಮಪ್ರಭುಗಳು ಗುಹೇಶ್ವರನೆಂದರು. ತಾನು ಆಡಿದ ಮಾತು ತನ್ನದಲ್ಲ, ತನ್ನನ್ನು ಆಡಿಸಿದವನದು ಎಂಬ ಭಾವವೇ ಅಂಕಿತದ ತಿರುಳು. ಎಂಟುನೂರು ವರ್ಷಗಳು ಕಳೆದರೂ ಆ ಅಂಕಿತವನ್ನು ಕೇಳಿದೊಡನೆ ವಚನ ಯಾರದೆಂದು ನಮ್ಮ ಮನೆಯ ಮಕ್ಕಳೂ ಗುರುತಿಸುತ್ತಾರೆ. ಹೆಸರನ್ನು ಮರೆಸಿಕೊಂಡವರ ಹೆಸರೇ ಹೀಗೆ ಉಳಿದು ಬಂದಿರುವುದು ಸೋಜಿಗದ ಸಂಗತಿ.

ಈ ಮಾತು ಇಂದು ನೆನಪಾಗಲು ಕಾರಣವುಂಟು. ಈಚಿನ ದಿನಗಳಲ್ಲಿ ಸಂಗೀತ ಕಲಿಯುವ ಹುಡುಗ ಹುಡುಗಿಯರು ತಮ್ಮ ವಾದ್ಯವನ್ನು ಕಚೇರಿಗೆ ಹೊತ್ತುಕೊಂಡು ಹೋಗುತ್ತಾರೆ. ಕಚೇರಿ ಮುಗಿದ ಮೇಲೆ ತಾವು ಆರಾಧಿಸುವ ಕಲಾವಿದರ ಮುಂದೆ ಅದನ್ನು ಹಿಡಿದು ಸಹಿಯನ್ನು ಬೇಡುತ್ತಾರೆ. ಗಿಟಾರಿನ ಮೇಲೆ, ತಬಲದ ಮೇಲೆ, ಕೊಳಲಿನ ಚೀಲದ ಮೇಲೆ ಹೀಗೆ ಸಹಿಗಳು ಮೂಡುತ್ತಿವೆ. ಹಿರಿಯರಲ್ಲಿ ಕೆಲವರಿಗೆ ಇದು ಹುಡುಗಾಟವೆಂದು ತೋರಬಹುದು. ಆದರೆ ಒಬ್ಬ ಎಳೆಯ ಜೀವ ತನಗಿಂತ ದೊಡ್ಡದಾದುದೊಂದನ್ನು ಕಂಡು, ಅದರ ಗುರುತು ತನ್ನ ಬಳಿಯಲ್ಲಿ ಇರಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ? ಆ ಗುರುತು ಯಾವ ಬಗೆಯದಾಗಿರಬೇಕು, ಅದನ್ನು ಪಡೆದ ಮೇಲೆ ನಮ್ಮ ಹೊಣೆ ಏನು ಎಂಬುದಷ್ಟೇ ವಿಚಾರ ಮಾಡಬೇಕಾದ ವಿಷಯ. ಇದಕ್ಕೆ ಉತ್ತರವನ್ನು ನಾವು ದೂರ ಹುಡುಕಬೇಕಾಗಿಲ್ಲ. ಗದಗ, ಧಾರವಾಡ, ಮಿರಜ ಈ ಮೂರು ಊರುಗಳ ಸಂಗೀತದ ಇತಿಹಾಸದಲ್ಲಿಯೇ ಅದು ದೊರೆಯುತ್ತದೆ.

ವಾದ್ಯವೇ ಹೆಸರಾದ ಶರಣ

ಶರಣರಿಗೆ ವಾದ್ಯವೆಂಬುದು ಬರಿಯ ಮರ, ತಂತಿ, ಚರ್ಮಗಳ ಜೋಡಣೆಯಾಗಿರಲಿಲ್ಲ. ಬಸವಣ್ಣನವರು ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿಕೊಂಡು ನುಡಿಸೆಂದು ಕೂಡಲಸಂಗಮದೇವನಲ್ಲಿ ಮೊರೆಯಿಟ್ಟರು. ಕಿನ್ನರಿ ಬೊಮ್ಮಯ್ಯನವರಂತೂ ತಾವು ನುಡಿಸುತ್ತಿದ್ದ ವಾದ್ಯವನ್ನೇ ತಮ್ಮ ಹೆಸರಿನ ಮುಂದೆ ಹೊತ್ತುಕೊಂಡರು. ವಾದ್ಯದ ಮೇಲೆ ವ್ಯಕ್ತಿಯ ಹೆಸರನ್ನು ಬರೆಯುವುದು ನಮ್ಮ ಕಾಲದ ರೂಢಿ; ವ್ಯಕ್ತಿಯ ಹೆಸರಿನಲ್ಲಿ ವಾದ್ಯವೇ ಬೆರೆತು ಹೋದುದು ಅವರ ಕಾಲದ ಹಿರಿಮೆ. ಇಂತಹ ಪರಂಪರೆಯಲ್ಲಿ ಹುಟ್ಟಿದ ನಮಗೆ ವಾದ್ಯವನ್ನು ಕಾಲಿನಿಂದ ದಾಟಬಾರದು, ಬರಿನೆಲದ ಮೇಲೆ ಇಡಬಾರದು, ಮಹಾನವಮಿಯಂದು ವಿಭೂತಿ ಹಚ್ಚಿ ಪೂಜಿಸಬೇಕು ಎಂಬ ನಡವಳಿಕೆಗಳು ಸಹಜವಾಗಿಯೇ ಬಂದಿವೆ.

ಸೋದರಮಾವನ ಹಾರ್ಮೋನಿಯಂ

ಒಂದು ವಾದ್ಯವು ಒಬ್ಬ ಬಾಲಕನನ್ನು ಅವನ ಆರಾಧ್ಯ ಗುರುವಿನ ಬಳಿಗೆ ಒಯ್ದ ಕಥೆಗಳಲ್ಲಿ ಪೂಜ್ಯ ಪುಟ್ಟರಾಜ ಗವಾಯಿಗಳವರದು ಎಲ್ಲಕ್ಕೂ ಮಿಗಿಲಾದುದು. ಅವರು 1914ರ ಮಾರ್ಚ್ 3ರಂದು ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಜನಿಸಿದರು. ಇನ್ನೂ ಎಳೆಯ ಕೂಸಾಗಿರುವಾಗಲೇ ಎರಡೂ ಕಣ್ಣುಗಳ ಬೆಳಕು ಆರಿಹೋಯಿತು. ಮಗುವನ್ನು ಸಾಕುವ ಭಾರವನ್ನು ಸೋದರಮಾವ ಚಂದ್ರಶೇಖರಯ್ಯನವರು ಹೊತ್ತರು. ಆ ಕಾಲದಲ್ಲಿ ಹಳ್ಳಿಯ ಅಂಧ ಬಾಲಕನ ಮುಂದೆ ಇದ್ದ ದಾರಿಗಳಾದರೂ ಎಷ್ಟು? ಮನೆಯ ಮೂಲೆಯೊಂದು, ಇಲ್ಲವೇ ಗುಡಿಯ ಬಾಗಿಲಿನಲ್ಲಿ ಚಾಚಿದ ಕೈಯೊಂದು. ಇವೆರಡನ್ನು ಬಿಟ್ಟು ಮೂರನೆಯದನ್ನು ಯಾರೂ ಕಂಡಿರಲಿಲ್ಲ.

ಸೋದರಮಾವನವರು ಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಬಾಲಕ ಪುಟ್ಟಯ್ಯನು ಅದರ ಮನೆಗಳನ್ನು ತಡವಿ ತಡವಿ ತಾನೂ ನುಡಿಸತೊಡಗಿದನು. ಬೇರೆ ಮನೆಯಲ್ಲಾಗಿದ್ದರೆ ವಾದ್ಯ ಕೆಟ್ಟೀತೆಂದು ಗದರಿಸಿ ಎಬ್ಬಿಸುತ್ತಿದ್ದರೇನೋ. ಚಂದ್ರಶೇಖರಯ್ಯನವರು ಆ ಬೆರಳುಗಳಲ್ಲಿ ಅಡಗಿದ್ದುದನ್ನು ಗುರುತಿಸಿದರು. ಮಗುವನ್ನು ಕರೆದೊಯ್ದು ಪಂಚಾಕ್ಷರಿ ಗವಾಯಿಗಳ ಪಾದಕ್ಕೆ ಹಾಕಿದರು. ಕಣ್ಣುಳ್ಳವರು ಕಣ್ಣಿಲ್ಲದವನಿಗೆ ಮಾಡಿದ ಅತಿ ದೊಡ್ಡ ಉಪಕಾರವಿದು.

ಪಂಚಾಕ್ಷರಿ ಗವಾಯಿಗಳೂ ಹುಟ್ಟು ಅಂಧರು. 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ಗದಿಗೆಯ್ಯ. ಅವರ ಕಂಠದ ಮಾಧುರ್ಯವನ್ನು ಗುರುತಿಸಿ ವಿದ್ಯೆಗೆ ಹಚ್ಚಿದವರು ಶಿವಯೋಗ ಮಂದಿರದ ಸಂಸ್ಥಾಪಕರಾದ ಹಾನಗಲ್ಲ ಕುಮಾರ ಶಿವಯೋಗಿಗಳು. ಗದಿಗೆಯ್ಯನವರು ಕರ್ನಾಟಕ ಸಂಗೀತವನ್ನು ಕಲಿತರು. ಅನಂತರ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನವನ್ನು ಸಾಧಿಸಿದರು. ಹೀಗೆ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಮೇಲೆ ಅವರು ತಮ್ಮ ವಿದ್ಯೆಯನ್ನು ಅರಮನೆಗೆ ಮಾರಿಕೊಳ್ಳಲಿಲ್ಲ. ಅನಾಥರು, ಅಂಧರು, ಬಡವರ ಮಕ್ಕಳನ್ನು ಜಾತಿ ಕೇಳದೆ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆಯೇ ಗದಗಿನಲ್ಲಿ ನೆಲೆಗೊಂಡು ವೀರೇಶ್ವರ ಪುಣ್ಯಾಶ್ರಮವಾಯಿತು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರ ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಬಂದಿತು. ಅಂದಿನಿಂದ 2010ರ ಸೆಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವವರೆಗೆ, ಅರವತ್ತಾರು ವರ್ಷಗಳ ಕಾಲ, ಅವರು ಅದನ್ನು ಹೊತ್ತು ನಡೆಸಿದರು. ಮಕ್ಕಳ ಅನ್ನಕ್ಕಾಗಿ ನಾಟಕದ ಸಂಘವನ್ನು ಕಟ್ಟಿದರು. ಭಕ್ತರು ನಡೆಸಿದ ತುಲಾಭಾರಗಳ ನಾಣ್ಯಗಳನ್ನು ದಾಸೋಹಕ್ಕೆ ಸುರಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರೂ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಮೊದಲಾದ ಅನೇಕ ವಾದ್ಯಗಳು ಅವರ ಕೈಯಲ್ಲಿ ನುಡಿದವು. 2010ರಲ್ಲಿಯೇ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನು ನೀಡಿ ಗೌರವಿಸಿತ್ತು.

ಇಲ್ಲೊಂದು ಮಾತನ್ನು ನೆನೆಯಬೇಕು. ಪುಟ್ಟರಾಜರ ಮೊದಲ ಸಂಗಾತಿಯಾದ ಹಾರ್ಮೋನಿಯಂ ವಾದ್ಯಕ್ಕೆ ನಮ್ಮ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಪ್ರವೇಶವೇ ಇರಲಿಲ್ಲ. ಅದು ಪರದೇಶದಿಂದ ಬಂದದ್ದು, ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಮೀಂಡು ಅದರಲ್ಲಿ ಬಾರದು ಎಂಬುದು ವಿದ್ವಾಂಸರ ಆಕ್ಷೇಪವಾಗಿತ್ತು. ವಾದ್ಯದ ದೋಷದ ಚರ್ಚೆ ಅತ್ತ ನಡೆಯುತ್ತಿದ್ದಾಗ ಇತ್ತ ಗದಗಿನಲ್ಲಿ ಅದೇ ವಾದ್ಯದ ಆಸರೆಯಿಂದ ಎಷ್ಟೋ ಅಂಧ ಮಕ್ಕಳು ಸ್ವರಜ್ಞಾನ ಪಡೆಯುತ್ತಿದ್ದರು. ವಾದ್ಯದ ಬೆಲೆಯನ್ನು ಕಟ್ಟುವುದು ಅದನ್ನು ಮುಟ್ಟಿದ ಕೈ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ತಬಲಕ್ಕೆ ಕುಳಿತ ಗುರು

ಗುರುವಿನ ಹಸ್ತಾಕ್ಷರವೆಂದರೆ ಏನೆಂಬುದನ್ನು ಪಂಚಾಕ್ಷರಿ ಗವಾಯಿಗಳ ಇನ್ನೊಬ್ಬ ಶಿಷ್ಯರಾದ ಬಸವರಾಜ ರಾಜಗುರು ಅವರ ಜೀವನ ಹೇಳುತ್ತದೆ. 1917ರಲ್ಲಿ ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ ಜನಿಸಿದ ರಾಜಗುರುಗಳು ಹದಿಮೂರರ ವಯಸ್ಸಿನಲ್ಲಿ ಗವಾಯಿಗಳ ಆಶ್ರಯವನ್ನು ಸೇರಿದರು. 1936ರಲ್ಲಿ ಹಂಪೆಯಲ್ಲಿ ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ನಡೆಯಿತು. ಹತ್ತೊಂಬತ್ತರ ಹರೆಯದ ಶಿಷ್ಯನು ಅಷ್ಟು ದೊಡ್ಡ ಸಭೆಯ ಮುಂದೆ ಮೊದಲ ಬಾರಿಗೆ ಹಾಡಲು ಕುಳಿತಾಗ ಅವನ ಪಕ್ಕದಲ್ಲಿ ತಬಲಕ್ಕೆ ಕುಳಿತವರು ಸ್ವತಃ ಪಂಚಾಕ್ಷರಿ ಗವಾಯಿಗಳು.

ಸಂಗೀತದ ಸಂಪ್ರದಾಯವನ್ನು ಬಲ್ಲವರಿಗೆ ಇದರ ಮಹತ್ವ ಕೂಡಲೇ ಹೊಳೆಯುತ್ತದೆ. ಕಚೇರಿಯಲ್ಲಿ ಗಾಯಕನು ನಡುವೆ ಕುಳಿತರೆ ತಬಲದವರು ಪಕ್ಕದಲ್ಲಿ ಕುಳಿತು ಅವನ ಲಯವನ್ನು ಕಾಯುತ್ತಾರೆ. ಗುರುವಾದವರು ಆ ಪಕ್ಕದ ಸ್ಥಾನವನ್ನು ತಾವಾಗಿ ಆರಿಸಿಕೊಂಡರು. ನಡುವಿನ ಸ್ಥಾನವನ್ನು ಶಿಷ್ಯನಿಗೆ ಬಿಟ್ಟುಕೊಟ್ಟರು. ಕಾಗದದ ಮೇಲೆ ಬರೆದುಕೊಡುವ ಯಾವ ಪ್ರಶಸ್ತಿಪತ್ರ ಇದಕ್ಕೆ ಸಮನಾದೀತು? ಆ ದಿನ ಗವಾಯಿಗಳು ಇಟ್ಟ ಅಂಕಿತವನ್ನು ರಾಜಗುರುಗಳು 1991ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಕಂಠದಲ್ಲಿ ಹೊತ್ತು ತಿರುಗಿದರು.

ಮನಸೂರರು ಅರಸಿದ ಗುರು

ಆರಾಧ್ಯ ಕಲಾವಿದರನ್ನು ಕಾಣುವ ಹಂಬಲ ಕಲಿಯುವ ಹುಡುಗರಿಗೆ ಮಾತ್ರ ಸೀಮಿತವಾದುದೂ ಅಲ್ಲ. ಪಂಡಿತ ಮಲ್ಲಿಕಾರ್ಜುನ ಮನಸೂರರು 1910ರ ಡಿಸೆಂಬರ್ 31ರಂದು ಧಾರವಾಡದ ಸಮೀಪದ ಮನಸೂರಿನಲ್ಲಿ ಜನಿಸಿದರು. ಎಳವೆಯಲ್ಲಿ ಅಣ್ಣನವರ ನಾಟಕ ಕಂಪನಿಯಲ್ಲಿ ಪಾತ್ರ ಮಾಡಿದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನು, ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿಯನ್ನು ಕಲಿತರು. ಗ್ರಾಮಫೋನು ಮುದ್ರಿಕೆಗಳಿಂದ ಹೆಸರಾದ ಮೇಲೂ ಅವರ ಮನಸ್ಸಿಗೆ ತೃಪ್ತಿ ದೊರೆಯಲಿಲ್ಲ. ಜೈಪುರ ಗಾಯಕಿಯ ಮೇರುವೆನಿಸಿದ್ದ ಅಲ್ಲಾದಿಯಾಖಾನರನ್ನು ಅರಸಿಕೊಂಡು ಹೋದರು. ಖಾನಸಾಹೇಬರು ಅವರನ್ನು ತಮ್ಮ ಮಗ ಮಂಜಿಖಾನರಿಗೆ ಒಪ್ಪಿಸಿದರು. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ ಮನಸೂರರು ಅವರ ತಮ್ಮ ಭುರ್ಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು.

ಹೆಸರು ಗಳಿಸಿದ ಕಲಾವಿದನೊಬ್ಬ ತನ್ನ ಹೆಸರನ್ನು ಬದಿಗಿರಿಸಿ ಮೊದಲಿನಿಂದ ಕಲಿಯಲು ಕುಳಿತುಕೊಳ್ಳುವುದು ಸಾಮಾನ್ಯವಾದ ಸಂಗತಿಯಲ್ಲ. ವಚನಗಳನ್ನು ಶಾಸ್ತ್ರೀಯ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ ಆ ಲಿಂಗಾಯತ ಗಾಯಕರು ಮುಸಲ್ಮಾನ ಗುರುಗಳ ವಿದ್ಯೆಯನ್ನು ಕೊನೆಯವರೆಗೂ ಶಿರಸಾ ವಹಿಸಿದರು. 'ನನ್ನ ರಸಯಾತ್ರೆ' ಎಂಬುದು ಅವರ ಆತ್ಮಕಥೆ. 1992ರಲ್ಲಿ ಪದ್ಮವಿಭೂಷಣ ದೊರೆಯಿತು; ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ಲಿಂಗೈಕ್ಯರಾದರು. ಧಾರವಾಡದಲ್ಲಿ ಅವರು ಬಾಳಿದ 'ಮೃತ್ಯುಂಜಯ' ಎಂಬ ಮನೆಯನ್ನು ಸ್ಮಾರಕವಾಗಿ ಕಾಪಾಡಲಾಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಮನೆ ಅದು.

ಮಿರಜದ ತಂಬೂರಿ

ಗಾಯಕರ ಮಾತು ಬಂದ ಮೇಲೆ ತಂಬೂರಿಯ ಮಾತು ಬಾರದೆ ಇರದು. ಉತ್ತರ ಕರ್ನಾಟಕದ ಹಾಡುಗಾರರ ಮನೆಗಳಲ್ಲಿರುವ ತಂಬೂರಿಗಳಲ್ಲಿ ಹೆಚ್ಚಿನವು ಮಿರಜದಲ್ಲಿ ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಕತ್ತಿ ಮೊದಲಾದ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ತಂತಿವಾದ್ಯಗಳ ತಯಾರಿಕೆಗೆ ಕೈ ಹಚ್ಚಿದರು. ಅಂದಿನಿಂದ ಅವರ ವಂಶಸ್ಥರೂ ಶಿಷ್ಯರೂ ಆ ಕಸುಬನ್ನು ಉಳಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಮಿರಜದ ಸಿತಾರ ಹಾಗೂ ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿಯನ್ನು ಪಂಢರಪುರ, ಮಂಗಳವೇಢೆಗಳ ಕಡೆಯ ರೈತರು ಬೆಳೆಯುತ್ತಾರೆ. ಒಣಗಿದ ಬುರುಡೆಯನ್ನು ನೆನೆಯಿಸಿ, ಕೊಯ್ದು, ಒಳಗನ್ನು ಕೆರೆದು, ಅದಕ್ಕೆ ತೂನ್ ಮರದ ಹಲಗೆಯನ್ನೂ ದಂಡಿಯನ್ನೂ ಕೂಡಿಸುತ್ತಾರೆ. ನಾಲ್ಕು ತಂತಿಗಳಲ್ಲಿ ಮೂರು ಉಕ್ಕಿನವು. ಕೊನೆಯ ಖರ್ಜದ ತಂತಿ ಹಿತ್ತಾಳೆಯದು. ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಸರಿಸಿ ಹದವಾದ ಜಾಗದಲ್ಲಿ ನಿಲ್ಲಿಸಿದಾಗ ತಂತಿಯಿಂದ ಜೇನಿನ ಝೇಂಕಾರದಂತಹ ನಾದ ಹೊರಡುತ್ತದೆ. ಅದಕ್ಕೆ ಜವಾರಿ ಎನ್ನುತ್ತಾರೆ. ಕುದುರೆಯ ಮೈ ದಿನದಿನಕ್ಕೆ ಸವೆಯುವುದರಿಂದ ಆಗಾಗ ಕುಶಲಕರ್ಮಿಯಿಂದ ಜವಾರಿ ತೆಗೆಸಬೇಕಾಗುತ್ತದೆ. ತಂಬೂರಿ ಯಾವ ರಾಗವನ್ನೂ ನುಡಿಸುವುದಿಲ್ಲ. ಎಲ್ಲ ರಾಗಗಳಿಗೂ ನಿಲ್ಲಲು ನೆಲವನ್ನು ಒದಗಿಸುತ್ತದೆ. ಮನೆಯ ತಾಯಿಯಂತೆ ಅದರ ಕೆಲಸವೂ ಹಿಂದೆ ಕುಳಿತು ಮಾಡುವಂತಹದು.

ಒಂದು ಭೇಟಿ

ನಮ್ಮ ಮನೆಯಲ್ಲಿಯೂ ಅಂತಹದೊಂದು ತಂಬೂರಿ ಇದೆ. ನನ್ನ ತಾಯಿಯವರು 1962ರಲ್ಲಿ ಬೆಣ್ಣೆ ಮಾರಿ ಕೂಡಿಟ್ಟ ಹಣದಿಂದ ಮಿರಜದಲ್ಲಿ ಕೊಂಡದ್ದು. ಅವರು ಕಚೇರಿಯಲ್ಲಿ ಹಾಡಿದವರಲ್ಲ. ಶ್ರಾವಣ ಮಾಸದ ಭಜನೆಯಲ್ಲಿ, ಅಕ್ಕನ ಬಳಗದಲ್ಲಿ, ಹೆಚ್ಚಾಗಿ ನಸುಕಿನಲ್ಲಿ ಪೂಜೆ ಮುಗಿಸಿ ತಮಗಾಗಿಯೇ ವಚನಗಳನ್ನು ಹಾಡಿಕೊಂಡವರು. ಅವರು ಲಿಂಗೈಕ್ಯರಾದ ಮೇಲೆ ನನ್ನ ಮಗಳು ಅದನ್ನು ಕೈಗೆ ತೆಗೆದುಕೊಂಡಳು. ಅವಳಿಗೆ ಆರಾಧ್ಯರಾದ ಹಿರಿಯ ಗಾಯಕರೊಬ್ಬರಿದ್ದಾರೆ. ಗದಗಿನ ಪುಣ್ಯಾಶ್ರಮದಲ್ಲಿ ಕಲಿತವರು. ಹೆಸರಿನ ಪ್ರಚಾರವನ್ನು ಬಯಸದವರಾದುದರಿಂದ ಇಲ್ಲಿ ಹೆಸರಿಸುವುದಿಲ್ಲ. ನಾಲ್ಕು ವರ್ಷಗಳ ಹಿಂದೆ ಅವರು ಧಾರವಾಡದಲ್ಲಿ ಪರಿಚಿತರ ಮನೆಯಲ್ಲಿ ಇಳಿದುಕೊಂಡಿದ್ದಾಗ, ಮೊದಲೇ ಅನುಮತಿ ಪಡೆದು, ತಂಬೂರಿಯನ್ನು ಎತ್ತಿಕೊಂಡು ಅಪ್ಪ ಮಗಳಿಬ್ಬರೂ ಹೋದೆವು.

ಮಗಳು ನಮಸ್ಕರಿಸಿ ತನ್ನ ಆಸೆಯನ್ನು ತಡವರಿಸುತ್ತ ಹೇಳಿದಳು. ಅವರು ಸಹಿಯ ಮಾತನ್ನು ಕೇಳಿಸಿಕೊಂಡಂತೆ ತೋರಲಿಲ್ಲ. ಗವಸಣಿಗೆಯನ್ನು ಬಿಚ್ಚಿಸಿ ತಂಬೂರಿಯನ್ನು ತೊಡೆಯ ಮೇಲೆ ಇರಿಸಿಕೊಂಡರು.

"ಇದು ಯಾರದವ್ವಾ?" ಎಂದರು.

"ನಮ್ಮ ಆಯೀದು ರೀ, ಅಜ್ಜಾರ."

ಅವರು ಬಿರಡೆಗಳನ್ನು ತಿರುವಿ ಶ್ರುತಿ ಮಾಡತೊಡಗಿದರು. ಕಾಲು ಗಂಟೆಯಾದರೂ ಆಗಿರಬೇಕು. ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ನೂಲನ್ನು ಸರಿಸಿ, ಕಿವಿಯನ್ನು ದಂಡಿಗೆ ಆನಿಸಿ, ಮತ್ತೆ ಸರಿಸಿದರು. ನಾಲ್ಕೂ ತಂತಿಗಳು ಒಂದಾಗಿ ಮೊಳಗಿದಾಗ ಅದನ್ನು ಮಗಳ ಕೈಗೆ ಕೊಟ್ಟು, "ಷಡ್ಜ ಹಚ್ಚು" ಎಂದರು. ಅವಳ ಧ್ವನಿ ಮೊದಲು ನಡುಗಿತು. ಅವರು ಕಣ್ಣು ಮುಚ್ಚಿಕೊಂಡು ಕಾದರು. ಮೂರನೆಯ ಉಸಿರಿಗೆ ಸ್ವರ ನಿಂತಿತು. ಅನಂತರ ಯಾವುದಾದರೂ ವಚನ ಹಾಡೆಂದರು. ತನ್ನ ಅಜ್ಜಿ ಹೇಳಿಕೊಟ್ಟಿದ್ದ ವಚನವೊಂದನ್ನು ಅವಳು ಹಾಡಿದಳು. ಒಂದು ಕಡೆ ತಡೆದು ತಿದ್ದಿದರು, ಮತ್ತೆ ಹಾಡಿಸಿದರು. ಸಹಿಗೆಂದು ಹೋದವಳಿಗೆ ಮುಕ್ಕಾಲು ಗಂಟೆಯ ಪಾಠವಾಯಿತು.

ಕೊನೆಗೆ ಅವರು ದಂಡಿಯ ಮೇಲೊಂದು ಜಾಗವನ್ನು ಬೆರಳಿನಿಂದ ತೋರಿಸಿದರು. ತಂತಿ ಮೀಟುವಾಗ ಹೆಬ್ಬೆರಳು ಆನಿಸುವ ಆ ಅಂಚಿನಲ್ಲಿ ಅರಗಿನ ಬಣ್ಣ ಸವೆದು ಒಳಗಿನ ಮರ ಕಾಣುತ್ತಿತ್ತು.

"ಸಹಿ ಇಲ್ಲಿ ಆಗಲೇ ಐತಲ್ಲವ್ವಾ. ನಿಮ್ಮ ಆಯೀದು. ಇದಕ್ಕ ಎಷ್ಟು ವರ್ಷ ಬೇಕಾಗಿರಬೇಕು ನೋಡು."

ಮಗಳು ತಲೆ ತಗ್ಗಿಸಿದಳು. ಕಣ್ಣೀರನ್ನು ಮರೆಮಾಡಲು ನಾನೂ ಕಿಟಕಿಯತ್ತ ನೋಡಬೇಕಾಯಿತು. ನನ್ನ ತಾಯಿಯ ನಲವತ್ತು ವರ್ಷಗಳ ನಸುಕುಗಳು ಆ ಎರಡು ಅಂಗುಲದ ಸವಕಲಿನಲ್ಲಿ ಇದ್ದವು. ಹಿರಿಯರು ಲೇಖನಿಯನ್ನು ಕೇಳಿ ಪಡೆದು, ಸವೆದ ಜಾಗವನ್ನು ಬಿಟ್ಟು, ದಂಡಿಯ ಹಿಂಬದಿಯಲ್ಲಿ ಮೊದಲು ತಮ್ಮ ಗುರುವಿನ ಹೆಸರನ್ನು ಬರೆದರು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ತಮ್ಮ ಹೆಸರು. "ದಿನಾ ನುಡಿಸಿದರ ಮಾತ್ರ ಇದು ನನ್ನ ಸಹಿ. ಕಪಾಟಿನಾಗ ಇಟ್ಟರ ಬರೇ ಮಸಿ" ಎಂದು ನಗುತ್ತ ವಾದ್ಯವನ್ನು ಹಿಂದಿರುಗಿಸಿದರು. ತಮ್ಮ ಹೆಸರಿಗಿಂತ ಮೊದಲು ಗುರುವಿನ ಹೆಸರನ್ನು ಬರೆದ ಆ ಕೈಯಲ್ಲಿ ಶರಣರ ಅಂಕಿತದ ಮರ್ಮವೇ ಅಡಗಿತ್ತು.

ನುಡಿಯದ ವಾದ್ಯದ ಗತಿ

ಅವರ ಮಾತಿನಲ್ಲಿ ಕುಶಲಕರ್ಮಿಗಳ ಅನುಭವವೂ ಇದೆ. ವಾದ್ಯವು ಬಳಸದೆ ಇಟ್ಟರೆ ಉಳಿಯುವ ವಸ್ತುವಲ್ಲ. ಮುಚ್ಚಿಟ್ಟ ಹಾರ್ಮೋನಿಯಂನ ತಿದಿಯ ಚರ್ಮ ಬಿರುಸಾಗುತ್ತದೆ, ಬಟ್ಟೆಯನ್ನು ಹುಳು ತಿನ್ನುತ್ತದೆ. ತೇವಕ್ಕೆ ಹಿತ್ತಾಳೆಯ ರೀಡುಗಳು ಕಿಲುಬು ಹಿಡಿದು ಸ್ವರ ತಪ್ಪುತ್ತವೆ. ತಂಬೂರಿಯ ತಂತಿ ತುಕ್ಕು ಹಿಡಿಯುತ್ತದೆ. ಬಿರಡೆಗಳು ಮಳೆಗಾಲದಲ್ಲಿ ಉಬ್ಬಿ ಬಿಗಿದುಕೊಳ್ಳುತ್ತವೆ, ಬೇಸಗೆಯಲ್ಲಿ ಸಡಿಲಗೊಂಡು ಜಾರುತ್ತವೆ. ದಿನವೂ ನುಡಿಸುವ ಮನೆಯಲ್ಲಿ ಇಂತಹ ದೋಷವು ಮೊದಲ ವಾರದಲ್ಲಿಯೇ ಕಿವಿಗೆ ಬೀಳುತ್ತದೆ. ಗಾಜಿನ ಕಪಾಟಿನಲ್ಲಿ ಇಟ್ಟ ಮನೆಯಲ್ಲಿ ಹತ್ತು ವರ್ಷಗಳ ಮೇಲೆ ತಿಳಿಯುತ್ತದೆ, ಆಗ ತಡವಾಗಿರುತ್ತದೆ.

ಸಹಿಯನ್ನು ಪಡೆಯಬೇಕೆನ್ನುವವರಿಗೆ ಕೆಲವು ಸಲಹೆಗಳು ಉಪಯುಕ್ತವಾದಾವು. ತಂಬೂರಿ, ಸಿತಾರಗಳ ಮುಂಭಾಗದ ಹಲಗೆಯು ತೆಳುವಾದುದು. ನಾದವೆಲ್ಲ ಅಲ್ಲಿಂದಲೇ ಹೊರಡುವುದು. ಅದರ ಮೇಲೆ ಲೇಖನಿಯನ್ನು ಒತ್ತಿ ಬರೆಯಿಸಬಾರದು. ದಂಡಿಯ ಹಿಂಬದಿ ಸೂಕ್ತವಾದ ಸ್ಥಳ. ಹಾರ್ಮೋನಿಯಂ ಆದರೆ ಮುಚ್ಚಳದ ಒಳಮೈಯಲ್ಲಿ ಬರೆಯಿಸಿದರೆ ಬಿಸಿಲೂ ಬೆರಳೂ ತಾಗದೆ ಬಹುಕಾಲ ಉಳಿಯುತ್ತದೆ. ತಬಲದ ಮುಚ್ಚಿಗೆಯ ಮೇಲೆ ಹಾಕಿಸಿದ ಸಹಿ ನಿಲ್ಲುವುದಿಲ್ಲ. ಚರ್ಮ ಹರಿದಾಗ ಮುಚ್ಚಿಗೆಯನ್ನೇ ಬದಲಿಸಬೇಕಾಗುತ್ತದೆ. ಮಿರಜದ ವಾದ್ಯಗಳಿಗೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮೆರುಗು ಕೊಟ್ಟಿರುತ್ತಾರೆ. ಮತ್ತೊಮ್ಮೆ ಮೆರುಗು ಕೊಡಿಸುವಾಗ ಅದೇ ಸ್ಪಿರಿಟ್ಟು ಮಸಿಯನ್ನೂ ಕರಗಿಸಿ ಒಯ್ಯುವುದರಿಂದ ಸಹಿಯ ಜಾಗವನ್ನು ಬಿಟ್ಟು ಕೆಲಸ ಮಾಡುವಂತೆ ಮೊದಲೇ ಹೇಳಬೇಕು. ವಾದ್ಯವನ್ನು ಒದ್ದೆ ಬಟ್ಟೆಯಿಂದ ಒರೆಸದೆ ಮೆತ್ತನೆಯ ಒಣಬಟ್ಟೆಯಿಂದ ಒರೆಸುವುದು ಎಲ್ಲಕ್ಕೂ ಕ್ಷೇಮ.

ಕಲಾವಿದರನ್ನು ಕಾಣುವುದಕ್ಕೂ ಒಂದು ರೀತಿಯಿದೆ. ಕಚೇರಿಗೆ ಮುನ್ನ ಅವರ ಮನಸ್ಸು ಸ್ವರದಲ್ಲಿ ನೆಟ್ಟಿರುತ್ತದೆ, ಆಗ ಕಾಡಬಾರದು. ಮುಗಿದೊಡನೆ ದಣಿದಿರುತ್ತಾರೆ, ನೀರು ಕುಡಿದು ಕುಳಿತುಕೊಳ್ಳುವಷ್ಟಾದರೂ ಬಿಡುವು ಕೊಡಬೇಕು. ವಾದ್ಯವನ್ನು ಎರಡೂ ಕೈಗಳಿಂದ ಒಪ್ಪಿಸಬೇಕು. ಅವರು ಬೇಡವೆಂದರೆ ಒತ್ತಾಯಿಸದೆ ನಮಸ್ಕರಿಸಿ ಬರಬೇಕು. ವಾದ್ಯದ ಮೇಲೆ ಬರೆಯುವುದು ಅದಕ್ಕೆ ಅಗೌರವವೆಂದು ಭಾವಿಸುವ ಹಿರಿಯರೂ ಉಂಟು. ಅಂತಹವರು ಒಮ್ಮೆ ಮುಟ್ಟಿ ಶ್ರುತಿ ಮಾಡಿಕೊಟ್ಟರೆ ಅದನ್ನೇ ಸಹಿಯೆಂದು ತಿಳಿಯಬೇಕು.

ತಂದೆತಾಯಿಗಳಲ್ಲಿ ಬಿನ್ನಹ

ಕೊನೆಯದಾಗಿ ಈ ಪತ್ರಿಕೆಯನ್ನು ಓದುವ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಪುಟ್ಟರಾಜರನ್ನು ಗುರುವಿನ ಬಳಿಗೆ ಕರೆತಂದವರು ಸೋದರಮಾವ. ಪುಣ್ಯಾಶ್ರಮದ ಇನ್ನೊಂದು ಕೊಡುಗೆಯಾದ ಪಂಡಿತ ಎಂ. ವೆಂಕಟೇಶಕುಮಾರರನ್ನು 1968ರಲ್ಲಿ ಗದಗಿಗೆ ಕರೆತಂದವರೂ ಅವರ ಸೋದರಮಾವ, ತೊಗಲುಗೊಂಬೆಯ ಕಲಾವಿದರಾದ ಬೆಳಗಲ್ಲು ವೀರಣ್ಣನವರು. ಬಳ್ಳಾರಿಯ ಕಡೆಯ ಆ ಬಾಲಕನು ಒಂದು ದಶಕಕ್ಕೂ ಮಿಗಿಲಾಗಿ ಪುಟ್ಟರಾಜರ ಪಾದದಡಿಯಲ್ಲಿ ಕುಳಿತು ಕಲಿತು ನಾಡಿನ ಅಗ್ರಮಾನ್ಯ ಗಾಯಕರಲ್ಲಿ ಒಬ್ಬನಾಗಿ ಬೆಳೆದುದನ್ನೂ, 2016ರಲ್ಲಿ ಪದ್ಮಶ್ರೀ ಪಡೆದುದನ್ನೂ ನಾವು ಕಂಡಿದ್ದೇವೆ. ಎರಡೂ ಕಥೆಗಳಲ್ಲಿ ಮಗುವಿನ ಒಲವನ್ನು ಗುರುತಿಸಿ, ಕೈ ಹಿಡಿದು, ದಾರಿ ಸವೆಸಿ ಗುರುವಿನ ಮನೆಯ ಹೊಸ್ತಿಲನ್ನು ಮುಟ್ಟಿಸಿದ ಬಂಧುವೊಬ್ಬನಿದ್ದಾನೆ. ಆ ಬಂಧುಗಳಿಲ್ಲದಿದ್ದರೆ ಗುರುವಿನ ಕೀರ್ತಿಯೂ ಇಲ್ಲ, ಶಿಷ್ಯನ ಹಾಡೂ ಇಲ್ಲ.

ಆದುದರಿಂದ ಮನೆಯ ಮಗುವೊಂದು ಹಾರ್ಮೋನಿಯಂನ ಮನೆಗಳನ್ನು ತಡವಿದರೆ ಗದರಿಸದಿರೋಣ. ಕಲಿಯುವ ಮಗನೋ ಮಗಳೋ ಇಂತಹ ಕಲಾವಿದರನ್ನು ಕಾಣಬೇಕೆಂದರೆ ಪರೀಕ್ಷೆಯ ನೆಪ ಹೇಳಿ ತಳ್ಳಿಹಾಕದೆ ಒಂದು ದಿನದ ಬಿಡುವು ಮಾಡಿಕೊಂಡು ನಾವೇ ಕರೆದುಕೊಂಡು ಹೋಗೋಣ. ಸಹಿ ದೊರೆತರೆ ಸಂತೋಷ; ದೊರೆಯದಿದ್ದರೂ ಸಾಧಕರ ಎದುರಿನಲ್ಲಿ ಕುಳಿತ ಅರ್ಧ ಗಂಟೆಯು ವ್ಯರ್ಥವಾಗದು. ಮರಳಿ ಬಂದ ಮೇಲೆ ವಾದ್ಯವನ್ನು ಗೋಡೆಗೆ ತೂಗುಹಾಕದೆ ಮಗುವಿನ ಕೈಗೆ ಕೊಡೋಣ. ಅಟ್ಟದ ಮೇಲೆ ಹಿರಿಯರ ವಾದ್ಯಗಳಿದ್ದರೆ ಕೆಳಗಿಳಿಸಿ, ಧೂಳು ಕೊಡವಿ, ಕುಶಲಕರ್ಮಿಗೆ ತೋರಿಸಿ ದುರಸ್ತಿ ಮಾಡಿಸೋಣ. ಕಲಿಯುವ ಮಕ್ಕಳು ನಮ್ಮ ಮನೆಯಲ್ಲಿ ಇಲ್ಲದಿದ್ದರೆ ಕಲಿಯುವ ಬಡ ಮಗುವಿಗೆ ಅದನ್ನು ದಾನವಾಗಿ ಕೊಡಬಹುದು. ಜ್ಞಾನದಾಸೋಹವೆಂದರೆ ಇದೂ ಹೌದು.

ಬರೆದ ಮಸಿ ಒಂದು ದಿನ ಮಾಸುತ್ತದೆ. ಹಾಡುವ ಕಂಠವೊಂದು ಮನೆಯಲ್ಲಿ ಇರುವವರೆಗೆ ಗುರುವಿನ ಅಂಕಿತ ಮಾಸುವುದಿಲ್ಲ.